ಅರಿಸಿನ ಕುಂಕುಮದ ಚೆಂಡು

ಹೂಂ ಅನ್ನೋಕೆ ಒಬ್ಬರಿದ್ದರೆ ಸಾಕು, ಕತೆ ತಾನಾಗಿ ನಡೆಯುತ್ತೆ. ಹೂಂ ಅನ್ನಿ. ನಗು ಬಂದರೆ ನಗಿ, ನಾನು ಬೇಡ ಅನ್ನಲ್ಲ. ಪೆದ್ದನ ಕತೆ ಅಂದಮೇಲೆ ನಗೋಕೇ ತಾನೆ ಎಲ್ಲರೂ ಕೂತಿರೋದು.

ಒಬ್ಬಳು ತಾಯಿ, ಹೆಸರು ಚಿಕ್ಕತಾಯಮ್ಮ. ಅವಳಿಗೆ ಒಬ್ಬನೇ ಮಗ, ಸಣ್ಣಬೋರ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದು ಕೇಳದ ಮಕ್ಕಳನ್ನ ಹೆತ್ತವರು ಊರ ತುಂಬ ಇದ್ದರು, ಬೈಕೊಂಡು ಸುಖವಾಗಿದ್ದರು. ಇವಳ ಕಷ್ಟ ಬೇರೆ. ಇವಳ ಮಗ ಹೇಳಿದ್ದನ್ನ ಕೇಳುತ್ತಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ.

ಒಂದು ದಿನ "ಬೋರಾ, ಒದ್ದೆ ಸೀರೆ ಬಿಸಿಲಲ್ಲೇ ಇರ್ಲಿ ಕಣ್ಲಾ, ನೆರಳಿಗೆ ಬಿಡಬ್ಯಾಡ" ಅಂದು ಕೆಲಸಕ್ಕೆ ಹೋದಳು. ಸಂಜೆ ಬಂದು ನೋಡಿದರೆ ಸೀರೆಯೂ ಇಲ್ಲ, ಮಗನೂ ಇಲ್ಲ. ಹುಡುಕಿಕೊಂಡು ಹೋದರೆ ಪಡುವಣ ದಿಣ್ಣೆಯ ತುದೀಲಿ ಸೀರೆ ಹೆಗಲ ಮೇಲೆ ಹಾಕಿಕೊಂಡು ಕೂತು ಅಳುತ್ತಿದ್ದ.

"ಯಾಕ್ಲಾ ಅಳ್ತೀಯಾ?"

"ಬಿಸಿಲು ಓಡೋಯ್ತು ಕಣವ್ವ! ಹಿಂದೇನೇ ಬಂದೆ, ಇಲ್ಲಿಗಂಟ ಬಂದೆ. ಸೀರೆ ನೆರಳಿಗೆ ಬಿದ್ದೋಯ್ತು!"

ಅವಳು ಹಣೆ ಹಣೆ ಚಚ್ಚಿಕೊಂಡಳು. ಬೈಯೋಣ ಅಂದರೆ ಎಲ್ಲಿಂದ ಬೈಯೋದು? ಹೇಳಿದ್ದು ಅವಳೇ. ಕೈ ಹಿಡಿದು ಮನೆಗೆ ಕರಕೊಂಡು ಬಂದಳು.

ಮನೆ ಅಂದೆ, ಅದು ಮನೆಯಲ್ಲ. ಗಾಲ್ಫ್ ಕ್ಲಬ್ಬಿನವರು ಕೊಟ್ಟ ಒಂದು ರೂಮು. ಊರ ದನವೆಲ್ಲ ಮೇಯುತ್ತಿದ್ದ ಗೋಮಾಳಕ್ಕೆ ಬೇಲಿ ಬಿತ್ತು, ದನ ಹೊರಗಾದವು, ಹುಲ್ಲು ಒಳಗಾಯಿತು. ಆ ಹುಲ್ಲಲ್ಲಿ ಕಳೆ ಕೀಳೋಕೆ ಊರಿನ ಹೆಂಗಸರನ್ನೇ ಇಟ್ಟುಕೊಂಡರು. ಅವರಿಗೆಲ್ಲ ಕ್ಲಬ್ಬಿನಿಂದ ಹಸಿರು ಸೀರೆ. ಯಾಕೆ ಹಸಿರು ಗೊತ್ತಾ? ಆಡೋ ದೊಡ್ಡ ಮನುಷ್ಯರ ಕಣ್ಣಿಗೆ ಅಡ್ಡ ಆಗಬಾರದಂತೆ. ಹುಲ್ಲಲ್ಲಿ ಹುಲ್ಲಾಗಿ ಇರಬೇಕಂತೆ. ಚಿಕ್ಕತಾಯಮ್ಮ ತಲೆಗೂದಲು ಕಪ್ಪಿದ್ದಾಗ ಹುಲ್ಲಿಗೆ ಕೂತವಳು, ಬೆಳ್ಳಗಾದರೂ ಎದ್ದಿರಲಿಲ್ಲ.

ಈಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಬೆಳಗ್ಗೆ ನೋಡಿದರೂ ಮಂಜು, ಮಧ್ಯಾಹ್ನ ನೋಡಿದರೂ ಮಂಜು. ಕಳೆ ಯಾವುದು ಹುಲ್ಲು ಯಾವುದು ಅಂತ ಬೆರಳಲ್ಲಿ ಮುಟ್ಟಿ ಕೀಳುತ್ತಿದ್ದಳು. ದಾರಿಯನ್ನ ಕಾಲೇ ನೆನಪಿಟ್ಟುಕೊಂಡಿತ್ತು. ಕಣ್ಣಿನ ಕ್ಯಾಂಪಿಗೆ ಹೋಗೋಣ ಅಂದರೆ ಪಟ್ಟಿ ಕಟ್ಟುತ್ತಾರೆ, ಪಟ್ಟಿ ಕಟ್ಟಿದರೆ ಮೇಸ್ತ್ರಿಗೆ ಗೊತ್ತಾಗುತ್ತೆ. ಗೊತ್ತಾದರೆ ಕೆಲಸ ಹೋಯ್ತು, ಕೆಲಸ ಹೋದರೆ ರೂಮು ಹೋಯ್ತು. ಈ ಮಗನನ್ನ ಕಟ್ಟಿಕೊಂಡು ಎಲ್ಲಿಗೆ ಹೋಗೋದು? ಹಾಗಾಗಿ ಬಾಯಿ ಬಿಡಲಿಲ್ಲ.

ಮೇಸ್ತ್ರಿ ಕರಿಗೌಡನಿಗೆ ಅನುಮಾನ ಬಂದೇ ಬಂತು. "ಏನಮ್ಮಾ, ಹುಲ್ಲನ್ನೇ ಕಿತ್ತು ಹಾಕಿದ್ದೀಯಲ್ಲ! ಆಗ್ದೇ ಇದ್ರೆ ರೂಮು ಬಿಡು" ಅಂದ.

"ಮಗನ್ನ ನನ್ನ ಜಾಗಕ್ಕೆ ತಕ್ಕಳಿ ಗೌಡ್ರೇ."

"ನಿನ್ನ ಮಗನ್ನ? ಸರಿ, ದೊಡ್ಡ ಸಾಹೇಬ್ರ ಚೆಂಡು ಕೋಲಿನ ಚೀಲ ಹೊರ್ಲಿ. ಅವ್ರು ಒಂದ್ಸಲ ಭೇಷ್ ಅಂದ್ರೆ ಬರ್ಕತೀನಿ. ಇಲ್ದೇ ಇದ್ರೆ ಇಬ್ರೂ ಗಂಟು ಕಟ್ಟಿ."

ದೊಡ್ಡ ಸಾಹೇಬರು ಅಂದರೆ ಕ್ಲಬ್ಬಿನ ಅಧ್ಯಕ್ಷರು. ವಯಸ್ಸಾಗಿತ್ತು. ಅವರ ಕಣ್ಣಿಗೂ ಪೊರೆ ಬಂದಿತ್ತು ನೋಡಿ, ಅದೇ ಪೊರೆ! ಆದರೆ ಅವರ ಮುಂದೆ ನಿಂತು ಅದನ್ನ ಹೇಳೋ ಗಂಡಸು ಕ್ಲಬ್ಬಲ್ಲಿ ಹುಟ್ಟಿರಲಿಲ್ಲ. ಹೊಡೆದ ಚೆಂಡು ಅವರಿಗೆ ಕಾಣದೇ ಹೋದರೆ ತಪ್ಪು ಚೆಂಡಿನದು. ಬಿಳಿ ತಂದರು, ಕಾಣಲಿಲ್ಲ. ಕಿತ್ತಳೆ ತರಿಸಿದರು, ಕಾಣಲಿಲ್ಲ. ಗುಲಾಬಿ ಬಣ್ಣದ್ದು ಬಂತು, ಅದೂ ಕಾಣಲಿಲ್ಲ. "ಚೆಂಡು ಮಾಡೋರಿಗೆ ಬಣ್ಣದ ಜ್ಞಾನವೇ ಇಲ್ಲ!" ಅಂತ ರೇಗಾಡುತ್ತಿದ್ದರು. ಅವರ ಕಣ್ಣು ಮಂಜಾದರೆ ಚೆಂಡಿನ ಬಣ್ಣ ಬದಲಾಗುತ್ತೆ, ಇವಳ ಕಣ್ಣು ಮಂಜಾದರೆ ಇವಳೇ ಬದಲಾಗಬೇಕು. ನನಗೆ ಹೊಟ್ಟೆ ಉರಿಯುತ್ತೆ, ನೀವು ಹೂಂ ಅನ್ನಿ.

ಚೀಲ ಹೊತ್ತುಕೊಂಡು ಬಂದ ಬೋರನಿಗೆ ಸಾಹೇಬರು ಅಂದರು: "ನೋಡಪ್ಪ, ಈ ಬಿಳಿ ಕಣ್ಣಿಗೆ ಕುಕ್ಕುತ್ತೆ. ಕಣ್ಣಿಗೆ ತಂಪಾಗಿರೋ ಬಣ್ಣ ಹಚ್ಚಿ ತಾ."

ಬೋರ ಅವ್ವನ ಹತ್ತಿರ ಓಡಿದ. "ಅವ್ವಾ, ಕಣ್ಣಿಗೆ ತಂಪು ಯಾವ್ದು?"

"ಹಸಿರು ಕಣ್ಲಾ. ಹಸಿರು ನೋಡಿದ್ರೆ ಕಣ್ಣಿಗೆ ತಂಪು ಅಂತಾರೆ."

ಸರಿ. ಕಿಟಕಿಗೆ ಹೊಡೆದು ಮಿಕ್ಕಿದ್ದ ಹಸಿರು ಪೇಂಟು ಶೆಡ್ಡಲ್ಲಿತ್ತು. ಚೀಲದ ಚೆಂಡನ್ನೆಲ್ಲ ಅದರಲ್ಲಿ ಅದ್ದಿ ಅದ್ದಿ ತೆಗೆದ. ಮಾರನೇ ದಿನ ಸಾಹೇಬರು ಒಂದು ಹೊಡೆದರು, ಹೋಯ್ತು. ಇನ್ನೊಂದು ಹೊಡೆದರು, ಅದೂ ಹೋಯ್ತು. ಹಸಿರು ಹುಲ್ಲಲ್ಲಿ ಹಸಿರು ಚೆಂಡು! ಕಣ್ಣಿದ್ದವರಿಗೂ ಕಾಣಲಿಲ್ಲ, ಇನ್ನು ಸಾಹೇಬರಿಗೆಲ್ಲಿ? ಚೀಲವೇ ಬರಿದಾಯಿತು.

"ಪೆದ್ದ ಮುಂಡೇದೇ!" ಅಂದರು ಸಾಹೇಬರು. "ನೆಲದಲ್ಲಿ ಇರೋ ಬಣ್ಣಾನ ಹಚ್ಚೋದು? ಈ ನೆಲದಲ್ಲಿ ಇಲ್ಲದ ಬಣ್ಣ ಹಚ್ಚಬೇಕು!"

"ಆಗ್ಲಿ ಬುದ್ದಿ! ಇಲ್ಲದ ಬಣ್ಣ ಹಚ್ತೀನಿ ಬುದ್ದಿ!"

ಬೋರ ಮೈದಾನವೆಲ್ಲ ಸುತ್ತಿ ನೋಡಿದ. ಹುಲ್ಲು ಹಸಿರು. ಮಣ್ಣು ಕೆಂಪು. ಬೆಳ್ಳಕ್ಕಿ ಬಿಳಿ. ಕಾಗೆ ಕಪ್ಪು. ತಂಗಡಿ ಹೂವು ಹಳದಿ. ಕೆರೆ ದಂಡೇಲಿ ಮಿಂಚುಳ್ಳಿ ನೀಲಿ. ಅಳುಮೋರೆ ಮಾಡಿಕೊಂಡು ಬಂದ.

"ಅವ್ವಾ, ಎಲ್ಲ ಬಣ್ಣಾನೂ ಅಲ್ಲೇ ಐತೆ! ಇಲ್ಲದ ಬಣ್ಣವೇ ಇಲ್ಲ!"

ಚಿಕ್ಕತಾಯಮ್ಮ ಕತ್ತಲಾಗುತ್ತಿದ್ದ ಕಣ್ಣಲ್ಲೇ ಯೋಚನೆ ಮಾಡಿದಳು. ಅವಳಿಗೆ ಈಗ ಚೂರುಪಾರು ಕಾಣುತ್ತಿದ್ದದ್ದು ಒಂದೇ, ಬಾಗಿಲ ಹೊಸ್ತಿಲು. "ಒಂದೇ ಬಣ್ಣ ಯಾಕ್ಲಾ? ಹೊಸ್ತಿಲಿಗೆ ಹಚ್ಚಲ್ವಾ, ಅಂಗೆ ಹಚ್ಚು. ಮೈಗೆಲ್ಲ ಅರಿಸಿನ, ಮೇಲೆ ಕುಂಕುಮದ ಬೊಟ್ಟು. ಬೀದಿ ಆ ತುದಿಗೂ ಕಾಣ್ತದೆ" ಅಂದಳು.

ಒಳ್ಳೇ ಮಾತೇ ಅಂದಳು. ಬೋರ ಚೆಂಡಿಗೆಲ್ಲ ಅರಿಸಿನ ಬಳಿದು ಕುಂಕುಮ ಇಟ್ಟ. ಮಿಕ್ಕದ್ದನ್ನ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಪೊಟ್ಟಣ ಕಟ್ಟಿ ಅಂಗಿ ಜೇಬಲ್ಲಿ ಇಟ್ಟುಕೊಂಡ. ಮಾರನೇ ದಿನ ಸಾಹೇಬರು ಹೊಡೆದರು. ಚೆಂಡು ಹಾರಿ ಹೋಗಿ ಬಿದ್ದದ್ದೆಲ್ಲಿ? ಮೂರು ದಾರಿ ಕೂಡೋ ಬೇವಿನ ಮರದಡಿ! ಚೆಂಡು ಹುಡುಕೋಕೆ ಹೋದ ಬೇರೊಬ್ಬ ಚೀಲ ಹೊರೋನು ಅದನ್ನ ನೋಡಿದ. ದುಂಡಗಿದೆ, ಅರಿಸಿನ ಮೆತ್ತಿದೆ, ಕುಂಕುಮ ಇಟ್ಟಿದೆ, ಮೂರು ದಾರಿ ಕೂಡಿದ ಕಡೆ ಬಿದ್ದಿದೆ.

"ಅಯ್ಯಯ್ಯೋ, ಮಾಟ!" ಅಂತ ಚೀಲ ಬಿಸಾಕಿ ಓಡಿದ. ಅವನ ಹಿಂದೆ ಇನ್ನೊಬ್ಬ ಓಡಿದ. ಕಳೆ ಕೀಳೋ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಓಡಿದರು. ಸೂಟು ಬೂಟು ಹಾಕಿದ್ದ ಇಬ್ಬರು "ಇದೆಲ್ಲ ಮೂಢನಂಬಿಕೆ ರೀ" ಅಂತ ಅನ್ನುತ್ತಲೇ ಅದನ್ನ ದಾಟದೆ ದೂರದಿಂದ ಸುತ್ತಿಕೊಂಡು ಹೋದರು. ಆವತ್ತು ಆಟ ನಿಂತಿತು. ಪೂಜಾರಿ ಬಂದು ನಿಂಬೆಹಣ್ಣು ಕುಯ್ದು ಹೋದ. ಆ ಚೆಂಡನ್ನ ಆಮೇಲೂ ಯಾರೂ ಮುಟ್ಟಲಿಲ್ಲ. ಸಾಹೇಬರಿಗೆ ಮಾತ್ರ ಅದು ಬಿದ್ದದ್ದೂ ಕಾಣಲಿಲ್ಲ, ಯಾಕೆ ಓಡುತ್ತಿದ್ದಾರೆ ಅಂತಲೂ ಗೊತ್ತಾಗಲಿಲ್ಲ.

ಕರಿಗೌಡ ಬೋರನ ಕಿವಿ ಹಿಡಿದ. "ಬಣ್ಣದ ತಂಟೆಗೆ ಹೋಗಬ್ಯಾಡ ಕಣಯ್ಯಾ! ಚೆಂಡಿನ ಮ್ಯಾಲೆ ಕಣ್ಣಿಡು. ಅದು ಎಲ್ಲಿ ಬೀಳ್ತದೋ ಅಲ್ಲಿಗೆ ಓಡು. ಪಕ್ಕದಲ್ಲಿ ಕೈ ಎತ್ಕಂಡು ನಿಂತ್ಕೋ, ಅಷ್ಟೇ!"

"ಆಗ್ಲಿ ಗೌಡ್ರೇ! ಕೈ ಎತ್ಕಂಡು ನಿಂತ್ಕತೀನಿ!"

ಮಾರನೇ ದಿನ ಚೆಂಡು ಕೆರೆಗೆ ಬಿತ್ತು. ಬೋರ ಓಡಿದ, ಇಳಿದ, ಇಳಿದ, ಇಳಿದ. ಚೆಂಡಿನ ಪಕ್ಕ ನಿಂತು ಕೈ ಎತ್ತಿದ. ಬೋರ ಮುಳುಗಿದ್ದ, ಕೈ ಮಾತ್ರ ನೀರಿನ ಮೇಲಿತ್ತು!

"ಹೋದ! ಹೋದ! ಮುಳುಗೋದ!" ಅಂತ ಕಾವಲುಗಾರ ಧುಮುಕಿದ. ಅವನಿಗೆ ಈಜು ಬರದು. ಅವನನ್ನ ಎಳೆಯೋಕೆ ತೋಟದ ಮಾಲಿ ಇಳಿದ. ಕೊನೆಗೆ ಮೂವರನ್ನೂ ಹಗ್ಗ ಹಾಕಿ ಎಳೆದರು. ಬೋರ ನೀರು ಕಕ್ಕುತ್ತಾ "ಇಲ್ಲೇ ಐತೆ ಬುದ್ದಿ, ಇಲ್ಲೇ ಬಿದ್ದದೆ" ಅಂತ ಕೈ ಎತ್ತಿಕೊಂಡೇ ಇದ್ದ.

ಆವತ್ತು ಅವ್ವ ಬೈದಳು. ಹೆದರಿಕೆಗೆ ಬೈದಳು, ಒದ್ದೆ ತಲೆ ಒರೆಸುತ್ತಾ ಬೈದಳು. "ನೀರಿಗೆ ಬಿದ್ರೆ ನಿಂತ್ಕಂಡು ಕಾಯ್ತಾರೇನ್ಲಾ, ನನ್ನ ಹೊಟ್ಟೇಲಿ ಹುಟ್ಟಿದ ಬೆಪ್ಪೇ! ಬಿದ್ದದ್ದನ್ನ ಎತ್ಬೇಕು! ಎತ್ಕಂಡು ಹೋಗಿ ಸಾಹೇಬ್ರ ಕೈಗೆ ಕೊಡಬೇಕು!"

"ಆಗ್ಲಿ ಕಣವ್ವ! ಬಿದ್ದದ್ದನ್ನ ಎತ್ತಿ ಕೊಡ್ತೀನಿ!"

ಎರಡು ದಿನ ಕಳೆದು ಕ್ಲಬ್ಬಲ್ಲಿ ದೊಡ್ಡ ಪಂದ್ಯ. ಎಲ್ಲೆಲ್ಲಿಂದಲೋ ಕಾರಲ್ಲಿ ಬಂದಿದ್ದರು. ಒಬ್ಬರು ಹೊಡೆದ ಚೆಂಡು ಅದು ಸೇರಬೇಕಾದ ಕುಳಿಗೆ ಗೇಣು ದೂರದಲ್ಲಿ ಬಂದು ನಿಂತಿತ್ತು, ಎಲ್ಲರೂ ಚಪ್ಪಾಳೆ ಹೊಡೆಯೋಕೆ ಕೈ ಎತ್ತಿದ್ದರು. ಬೋರ ಬಂದ, ಎತ್ತಿಕೊಂಡ, ನಡೆದ. ಅಲ್ಲೊಂದು ಬಿದ್ದಿತ್ತು, ಎತ್ತಿಕೊಂಡ. ಇಲ್ಲೊಂದು ಬಿದ್ದಿತ್ತು, ಎತ್ತಿಕೊಂಡ. ಬಿಳೀದು, ಹಳದೀದು, ಕಿತ್ತಳೇದು, ಯಾರದು ಯಾವುದು ಅಂತ ಕೇಳೋ ಹಾಗಿಲ್ಲ. ಪಂಚೆಯ ಮಡಿಲು ತುಂಬ ತಂದು ಸಾಹೇಬರ ಕಾಲ ಹತ್ತಿರ ಸುರಿದ.

"ತಕ್ಕಳಿ ಬುದ್ದಿ! ಬಿದ್ದದ್ದೆಲ್ಲ ತಂದಿವ್ನಿ!"

ಪಂದ್ಯ ಕೆಟ್ಟಿತು. ಕಾರಲ್ಲಿ ಬಂದವರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು. ಸಾಹೇಬರ ಮುಖ ಸಣ್ಣದಾಯಿತು. ಕರಿಗೌಡ ಬೋರನನ್ನ ದರದರ ಎಳಕೊಂಡು ರೂಮಿನ ಮುಂದೆ ತಂದು ನಿಲ್ಲಿಸಿ, ತಾಯಿಗೂ ಕೇಳೋ ಹಾಗೆ ಕೂಗಿದ.

"ಬಿದ್ದದ್ದನ್ನ ಮುಟ್ಟಬಾರ್ದು! ಹೆಂಗೆ ಬಿದ್ದದೋ ಹಂಗೇ ಇರಬೇಕು! ಸಾಹೇಬ್ರು ಬಂದು ಕಣ್ಣಾರೆ ನೋಡೋಗಂಟ ನೀನೂ ಮುಟ್ಟಬಾರ್ದು, ಇನ್ನೊಬ್ರೂ ಮುಟ್ಟಬಾರ್ದು! ಕೈ ಎತ್ಕಂಡು ನಿಂತಿರು! ಇನ್ನೊಂದು ತಪ್ಪು ಮಾಡ್ದೆ ಅಂದ್ರೆ ತಾಯಿ ಮಗ ಇಬ್ರೂ ಬೇಲಿ ಆಚೆ!"

"ಆಗ್ಲಿ ಗೌಡ್ರೇ! ಮುಟ್ಟಲ್ಲ ಗೌಡ್ರೇ!"

ಅವನು ಹೋದಮೇಲೆ ಚಿಕ್ಕತಾಯಮ್ಮ ಮಗನ ಮುಖ ಎರಡು ಕೈಯಲ್ಲಿ ಹಿಡಿದುಕೊಂಡಳು. ಮುಖ ಕಾಣುತ್ತಿರಲಿಲ್ಲ, ಮುಟ್ಟಿದಾಗಷ್ಟೇ ಇತ್ತು. "ಗೌಡ್ರು ಹೇಳಿದ್ದು ಕೇಳಿಸ್ತಾ ಮಗ? ಅಷ್ಟು ಮಾಡಪ್ಪ. ನನಗೋಸ್ಕರ ಮಾಡು. ಅವ್ವ ಸತ್ರೂ ನೀನು ಆ ಮಾತು ಮೀರಬ್ಯಾಡ" ಅಂದಳು. ಬೋರ ತಲೆ ಅಲ್ಲಾಡಿಸಿದ. ಅಯ್ಯೋ, ಇಂಥವನಿಗೆ ಇಂಥ ಮಾತು ಹೇಳಬಾರದಿತ್ತು. ಹೆತ್ತವಳಿಗೆ ಹೊಳೀಲಿಲ್ಲ.

ಮಾರನೇ ಬೆಳಗ್ಗೆ ಮಂಜು ಬಿದ್ದಿತ್ತು. ಚಿಕ್ಕತಾಯಮ್ಮ ಹಸಿರು ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ಹೊರಟಳು. ಬೇಗ ಹೋಗಿ ಕೂತುಬಿಟ್ಟರೆ ತಡಕಾಡೋದು ಯಾರಿಗೂ ಕಾಣಲ್ಲ. ಬೇವಿನ ಮರ ಸಿಕ್ಕಿತು. ಅಲ್ಲಿಂದ ಎಡಕ್ಕೆ ಸಮ ನೆಲ, ಕಾಲಿಗೆ ಗೊತ್ತಿತ್ತು. ಕಾಲಿಗೆ ಗೊತ್ತಿಲ್ಲದ್ದು ಒಂದೇ: ಹಿಂದಿನ ದಿನ ಪಂದ್ಯ ಕೆಟ್ಟಮೇಲೆ ಅಲ್ಲಿ ಹೊಸದಾಗಿ ಮರಳುಗುಂಡಿಗೆ ನೆಲ ಅಗೆದಿದ್ದರು. ಆಟ ಇನ್ನಷ್ಟು ಕಷ್ಟ ಆಗಲಿ ಅಂತ ದೊಡ್ಡವರು ಗುಂಡಿ ತೋಡಿಸುತ್ತಾರಂತೆ. ಕಷ್ಟ ಸಾಲದು ಅವರಿಗೆ.

ಬಿದ್ದಳು. ಎಳಕೊಂಡು ಎಳಕೊಂಡು ಗುಂಡಿಯ ಅಂಚಿಗೆ ಬಂದಳು. ಅಲ್ಲಿಂದಾಚೆಗೆ ಆಗಲಿಲ್ಲ. ಸೊಂಟದ ಕೆಳಗೆ ಒಂದು ಕಾಲು ಅವಳ ಮಾತು ಕೇಳುತ್ತಿರಲಿಲ್ಲ.

"ಬೋರಾ! ಬೋರಾ!"

ಚೀಲ ತೊಳೆಯುತ್ತಿದ್ದ ಬೋರ ಓಡಿ ಬಂದ. "ಅವ್ವಾ! ಬಿದ್ಯಾ?"

"ಬಿದ್ದೆ ಕಣಪ್ಪ. ಎತ್ತು."

ಬೋರ ಬಗ್ಗಿದ. ಬಗ್ಗಿದವನು ನಿಂತ. ಕೈ ಹಿಂದಕ್ಕೆ ಎಳಕೊಂಡ.

"ಎತ್ಲಾ ಮಗ! ಪ್ರಾಣ ಹೋಗ್ತಾ ಅದೆ!"

"ಬಿದ್ದದ್ದನ್ನ ಮುಟ್ಟಬಾರ್ದು ಕಣವ್ವ! ಸಾಹೇಬ್ರು ಬಂದು ನೋಡಬೇಕು!"

"ಅದು ಚೆಂಡಿಗೆ ಹೇಳಿದ್ದು ಕಣೋ!"

"ಚೆಂಡು ಅನ್ನಲಿಲ್ಲ ಅವ್ವ. ಬಿದ್ದದ್ದು ಅಂದ್ರು. ನೀನೂ ಅಂದೆ, ಅವ್ವ ಸತ್ರೂ ಮೀರಬ್ಯಾಡ ಅಂದೆ!"

ಅವನು ಅಳುತ್ತಿದ್ದ. ಕಲ್ಲು ಮನಸ್ಸಿನವನು ಅಂದುಕೋಬೇಡಿ, ಗಳಗಳ ಅಳುತ್ತಿದ್ದ. ಅಳುತ್ತಲೇ ಕೈ ಎತ್ತಿಕೊಂಡು ನಿಂತ. ಆದರೆ ನೋಡೋರು ಯಾರು? ಕೆಳಗೆ ಹಸಿರು ಹುಲ್ಲು, ಹುಲ್ಲಲ್ಲಿ ಹಸಿರು ಸೀರೆ, ಮೇಲೆ ಮಂಜು. ಆಗ ಅವನಿಗೆ ಹೊಳೆಯಿತು. ಜನ್ಮದಲ್ಲಿ ಮೊದಲನೇ ಸಲ ತಾನಾಗಿ ಒಂದು ವಿಚಾರ ಹೊಳೆಯಿತು! ನೆಲದ ಬಣ್ಣ ಇದ್ದರೆ ಕಾಣಲ್ಲ. ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದ. ಅವ್ವನ ಮೈಮೇಲೆಲ್ಲ ಅರಿಸಿನ ಎರಚಿದ, ಹಣೆ ಮೇಲೆ ಕೆನ್ನೆ ಮೇಲೆ ಕುಂಕುಮ ಎರಚಿದ.

"ಏನ್ಲಾ ಮಾಡ್ತಿದ್ದೀಯಾ?"

"ಕಾಣೋ ಹಂಗೆ ಮಾಡ್ತಿವ್ನಿ ಕಣವ್ವ. ಬೀದಿ ಆ ತುದಿಗೂ ಕಾಣ್ತೀಯಾ."

ಕಳೆ ಕೀಳೋ ಹೆಂಗಸರು ಬಂದರು. ಜೊತೆಗೆ ಕೂತು ಉಂಡವರು, ಎಲೆ ಅಡಿಕೆ ಹಂಚಿಕೊಂಡವರು. ಮಂಜಲ್ಲಿ ಅವರಿಗೆ ಕಂಡದ್ದು ಮೂರು ದಾರಿ ಕೂಡಿದ ಹತ್ತಿರ ಅರಿಸಿನ ಕುಂಕುಮ ಮೆತ್ತಿದ ಒಂದು ದೇಹ, ಪಕ್ಕದಲ್ಲಿ ಕೈ ಎತ್ತಿ ನಿಂತ ಬೋರ. "ಅಮ್ಮಾ" ಅಂತ ಅದು ನರಳಿತು. "ಅಯ್ಯೋ ಶಿವನೇ, ಅವತ್ತಿನ ಮಾಟ ಎದ್ದು ಕೂತೈತೆ! ಬೋರನ ಮೈಮ್ಯಾಲೂ ಬಂದೈತೆ!" ಅಂತ ಬಿದ್ದಂಬೀಳ ಓಡಿದರು. ಚಿಕ್ಕತಾಯಮ್ಮ ಒಬ್ಬೊಬ್ಬರ ಹೆಸರು ಹಿಡಿದು ಕರೆದಳು. ಹೆಸರು ಹಿಡಿದು ಕರೆದದ್ದಕ್ಕೆ ಇನ್ನೂ ಜೋರಾಗಿ ಓಡಿದರು.

ಬಿಸಿಲೇರಿತು, ಮಂಜು ಸರಿಯಿತು. ಸಾಹೇಬರ ಬ್ಯಾಟರಿ ಗಾಡಿ ಗುಯ್ ಅಂತ ಬಂತು. ಪಕ್ಕದಲ್ಲಿ ಕರಿಗೌಡ. ಕರಿಗೌಡ ದೂರದಿಂದಲೇ ನೋಡಿ ಕಣ್ಣು ಮುಚ್ಚಿ ಮನೆದೇವರನ್ನ ನೆನೆಯೋಕೆ ಶುರು ಮಾಡಿದ. ಸಾಹೇಬರು ಗಾಡಿ ನಿಲ್ಲಿಸಿದರು. ಕಣ್ಣು ಉಜ್ಜಿಕೊಂಡರು.

"ಕರಿಗೌಡ! ಏನದು ಹಳದಿ?"

"ಏನಿಲ್ಲ ಬುದ್ದಿ... ತಿರುಗಿಸಿ ಬುದ್ದಿ, ಹೋಗುವಾ..."

"ಏನಿಲ್ಲ ಅಂದ್ರೆ? ನನಗೆ ಕಾಣ್ತಾ ಇದೆ! ಕರಿಗೌಡ, ನನಗೆ ಕಾಣ್ತಾ ಇದೆ! ಮೇಲೆ ಕೆಂಪೂ ಕಾಣ್ತಾ ಇದೆ!" ಸಾಹೇಬರು ಗಾಡಿಯಲ್ಲೇ ಎದ್ದು ನಿಂತರು. "ಲೋ, ಯಾವ ಬಣ್ಣನೋ ಅದು?"

"ಅರಿಸಿನ ಕುಂಕುಮ ಬುದ್ದಿ!"

"ಯಾರು ಹಚ್ಚಿದ್ದು?"

"ನಾನೇ ಬುದ್ದಿ!"

ಕೆಳಗೆ ಬಿದ್ದಿದ್ದ ಚಿಕ್ಕತಾಯಮ್ಮ ಎಲ್ಲ ಕೇಳಿಸಿಕೊಂಡಳು. ಒಂದು ಸಲ ನರಳಿದರೆ ಸಾಕು, ಗಾಡಿ ಹತ್ತಿರ ಬರುತ್ತೆ. ಹತ್ತಿರ ಬಂದರೆ ಯಾಕೆ ಬಿದ್ದೆ ಅಂತ ಕೇಳುತ್ತಾರೆ. ಇಷ್ಟು ದೊಡ್ಡ ಗುಂಡಿ ಕಾಣಲಿಲ್ಲವಾ ಅಂತ ಕೇಳುತ್ತಾರೆ. ಕಣ್ಣಿನ ಸಂಗತಿ ಹೊರಗೆ ಬರುತ್ತೆ, ತಾಯಿ ಮಗ ಇಬ್ಬರೂ ಬೇಲಿ ಆಚೆ. ಅವಳು ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು. ಕಾಲಿನ ನೋವು ಹಲ್ಲಿಗೆ ಬಂತು, ಹಲ್ಲು ಬಟ್ಟೆ ಕಚ್ಚಿತು, ಉಸಿರು ಆಚೆ ಬರಲಿಲ್ಲ.

"ಭೇಷ್!" ಅಂದರು ಸಾಹೇಬರು. "ಭೇಷ್ ಕಣೋ! ಇಷ್ಟು ದಿನಕ್ಕೆ ಬಣ್ಣ ಗೊತ್ತಿರೋನು ಒಬ್ಬ ಸಿಕ್ಕಿದ. ಕರಿಗೌಡ, ಇನ್ಮೇಲೆ ನನ್ನ ಎಲ್ಲ ಚೆಂಡಿಗೂ ಇದೇ ಬಣ್ಣ. ಇವನನ್ನ ಇವತ್ತೇ ಕೆಲಸಕ್ಕೆ ಸೇರಿಸ್ಕೋ."

"ಆಗ್ಲಿ ಬುದ್ದಿ, ಹೋಗುವಾ ಬುದ್ದಿ" ಅಂದ ಕಣ್ಣು ಮುಚ್ಚಿದ್ದ ಕರಿಗೌಡ. ಗಾಡಿ ತಿರುಗಿತು, ಗುಯ್ ಅಂತ ಹೋಯಿತು. ಸದ್ದು ಪೂರ್ತಿ ಅಡಗೋವರೆಗೂ ಚಿಕ್ಕತಾಯಮ್ಮ ಕಾದಳು. ಆಮೇಲೆ ಬಾಯಿಂದ ಸೆರಗು ತೆಗೆದಳು. ಅವಳ ಮುಖದ ಮೇಲೆ ಕುಂಕುಮ ನೀರಾಗಿ ಇಳಿಯುತ್ತಿತ್ತು. ಅವಳು ನಗುತ್ತಲೂ ಇದ್ದಳು.

"ಗೆದ್ದೆ ಕಣೋ ಮಗ. ಇನ್ನು ನಿನಗೆ ಊಟಕ್ಕೆ ಕೊರತೆ ಇಲ್ಲ, ಮಲಗೋಕೆ ಜಾಗ ಐತೆ. ಬಾ, ಈಗ ಅವ್ವನ್ನ ಎತ್ತು."

"ಸಾಹೇಬ್ರು ನೋಡಬೇಕು ಅವ್ವ."

"ನೋಡಿದ್ರಲ್ಲೋ! ಕಾಣ್ತದೆ ಕಾಣ್ತದೆ ಅಂತ ಕೂಗಿದ್ರಲ್ಲೋ!"

ಸಣ್ಣಬೋರ ಗಾಡಿ ಹೋದ ದಿಕ್ಕನ್ನ ನೋಡಿದ. ಅವ್ವನನ್ನ ನೋಡಿದ. ಯೋಚನೆ ಮಾಡಿದ.

"ಅವ್ರು ನೋಡಿದ್ದು ಬಣ್ಣಾನ ಕಣವ್ವ" ಅಂದ. "ನಿನ್ನ ನೋಡ್ಲಿಲ್ವಲ್ಲ."

ಅಂದು, ಇಳಿಸಿದ್ದ ಕೈಯನ್ನ ಮತ್ತೆ ಎತ್ತಿ ನಿಂತುಕೊಂಡ. ಅವನು ಕೈ ಇಳಿಸೋವರೆಗೆ ನಿಲ್ಲೋಕೆ ನನ್ನ ಕೈಲಿ ಆಗಲ್ಲ. ಕತೆ ಇಲ್ಲಿಗೇ ಬಿಟ್ಟು ಎದ್ದು ಹೋಗುತ್ತೀನಿ. ಇನ್ನು ಯಾರೂ ಹೂಂ ಅನ್ನಬೇಡಿ.